ಭೂಮಿಗೆ ಬರುವ ಭಾರಿ ಶಕ್ತಿಯ ಎಲೆಕ್ಟ್ರಾನ್‌ಗಳ ಮೂಲ ಹತ್ತಿರದ ಪಲ್ಸಾರ್‌ಗಳೇ (ಸ್ಫೋಟಗೊಂಡ ನಕ್ಷತ್ರ ಉಳಿಸಿಹೋದ, ಗರಗರ ತಿರುಗುವ ದಟ್ಟ ತಿರುಳುಗಳೇ)? ಹತ್ತಿರದ್ದೇ ಏಕಾಗಬೇಕು?

ಎರಡನೇ ಪ್ರಶ್ನೆಗೆ ಖಚಿತ ಉತ್ತರವಿದೆ, ಅದನ್ನೇ ಮೊದಲು ಹೇಳುತ್ತೇನೆ.

ಕಾಸ್ಮಿಕ್ ಕಿರಣಗಳಲ್ಲಿನ (ಬಾಹ್ಯಾಕಾಶದಿಂದ ಬರುವ ವೇಗದ ಕಣಗಳಲ್ಲಿನ) ಪ್ರೋಟಾನ್‌ಗಳು ಆಕಾಶಗಂಗೆಯಲ್ಲಿ ಲಕ್ಷಾಂತರ ವರ್ಷ ಅಲೆದರೂ ಅಷ್ಟಾಗಿ ಸೊರಗುವುದಿಲ್ಲ. ಎಲೆಕ್ಟ್ರಾನ್ ತೀರಾ ಹಗುರ. ಕಾಂತಕ್ಷೇತ್ರದಲ್ಲಿ ಬಾಗಿದಾಗೆಲ್ಲ ಸಿಂಕ್ರೋಟ್ರಾನ್ ವಿಕಿರಣ ಸೂಸುತ್ತದೆ, ಎದುರಾದ ಫೋಟಾನ್‌ಗಳಿಗೂ (ಬೆಳಕಿನ ಕಣಗಳಿಗೂ) ಶಕ್ತಿ ದಾನ ಮಾಡುತ್ತದೆ. ಈ ನಷ್ಟದ ದರ ಶಕ್ತಿಯ ವರ್ಗಕ್ಕೆ ತಕ್ಕಂತೆ ಏರುತ್ತದೆ: ಶಕ್ತಿ ಎರಡು ಪಟ್ಟಾದರೆ ನಷ್ಟ ನಾಲ್ಕು ಪಟ್ಟು. ಶಕ್ತಿ ಹೆಚ್ಚಿದಷ್ಟೂ ಆಯುಸ್ಸು ಕಡಿಮೆ. 1 ಟೆರಾ ಎಲೆಕ್ಟ್ರಾನ್ ವೋಲ್ಟ್ (ಟಿಇವಿ) ಶಕ್ತಿಯದ್ದಕ್ಕೆ ಸುಮಾರು 3 ಲಕ್ಷ ವರ್ಷ, 10 ಟಿಇವಿಯದ್ದಕ್ಕೆ ಬರೀ 30 ಸಾವಿರ. ಅಷ್ಟರೊಳಗೆ ಅಡ್ಡಾದಿಡ್ಡಿ ಅಲೆದು ಅದು ಕ್ರಮಿಸುವ ದೂರ ಹೆಚ್ಚೆಂದರೆ ಮೂರು ಸಾವಿರ ಜ್ಯೋತಿರ್ವರ್ಷ. ಹೊರಟಾಗ ಎಷ್ಟೇ ಶಕ್ತಿ ಇರಲಿ, 3 ಲಕ್ಷ ವರ್ಷ ಕಳೆದ ಮೇಲೆ ಉಳಿಯುವುದು 1 ಟಿಇವಿ ಆಸುಪಾಸು ಮಾತ್ರ. ನನಗೆ ಈ ವಿಷಯದಲ್ಲಿ ಅತ್ಯಂತ ಸ್ವಾರಸ್ಯವೆನಿಸುವುದು ಇದೇ: ಮೂಲದ ವಯಸ್ಸೇ ಗರಿಷ್ಠ ಶಕ್ತಿಯನ್ನು ಗೊತ್ತುಮಾಡಿಬಿಡುತ್ತದೆ.

ಆ ಲೆಕ್ಕಕ್ಕೆ ಒಗ್ಗುವ ಪಲ್ಸಾರ್‌ಗಳು ಕೆಲವೇ. ಸುಮಾರು 800 ಜ್ಯೋತಿರ್ವರ್ಷ ದೂರದ ಗೆಮಿಂಗಾಗೆ ಸುಮಾರು 3.4 ಲಕ್ಷ ವರ್ಷ, ಮೊನೊಜೆಮ್‌ಗೆ 1.1 ಲಕ್ಷ, ವೇಲಾಗೆ 11 ಸಾವಿರ.

ಸೂಪರ್‌ನೋವಾ (ನಕ್ಷತ್ರ ಸ್ಫೋಟ) ಅವಶೇಷಗಳೂ ಎಲೆಕ್ಟ್ರಾನ್‌ಗಳನ್ನು ವೇಗಗೊಳಿಸುತ್ತವಲ್ಲ ಎಂದರೆ, ಹೌದು. ಪಲ್ಸಾರ್ ಕಡೆ ಬೆರಳು ತೋರಿಸುವುದು ಪಾಸಿಟ್ರಾನ್, ಅಂದರೆ ಎಲೆಕ್ಟ್ರಾನಿನ ಧನ ವಿದ್ಯುದಂಶದ ಜೋಡಿ ಕಣ. ಪಮೇಲಾ ಉಪಕರಣ, ಆಮೇಲೆ ಅಂತರಿಕ್ಷ ನಿಲ್ದಾಣದಲ್ಲಿ 2011ರಿಂದ ಕೆಲಸ ಮಾಡುತ್ತಿರುವ ಎಎಂಎಸ್-02, ನಿರೀಕ್ಷೆಗಿಂತ ಹೆಚ್ಚು ಪಾಸಿಟ್ರಾನ್‌ಗಳನ್ನು ಕಂಡವು. ಪಲ್ಸಾರಿನ ಪ್ರಬಲ ಕಾಂತಕ್ಷೇತ್ರದಲ್ಲಿ ಗ್ಯಾಮಾ ಕಿರಣ ಎಲೆಕ್ಟ್ರಾನ್-ಪಾಸಿಟ್ರಾನ್ ಜೋಡಿಯಾಗಿ ಒಡೆಯುತ್ತದೆ, ಎರಡೂ ಸಮಸಂಖ್ಯೆಯಲ್ಲಿ. ಈ ಹೆಚ್ಚುವರಿ ಪಾಸಿಟ್ರಾನ್‌ಗಳಿಗೆ ಡಾರ್ಕ್ ಮ್ಯಾಟರ್ (ಕಣ್ಣಿಗೆ ಕಾಣದ ನಿಗೂಢ ದ್ರವ್ಯ) ಕಾರಣ ಎಂಬ ವಾದವೂ ಇದೆ. ಕಣ್ಣೆದುರೇ ಪಲ್ಸಾರ್‌ಗಳಿರುವಾಗ ಅಷ್ಟು ದೂರ ಹೋಗಬೇಕೆಂದು ನನಗೆ ಅನಿಸುವುದಿಲ್ಲ.

ಆದರೆ ಒಂದು ತೊಡಕಿದೆ. ಮೆಕ್ಸಿಕೋದ ಹಾಕ್ ವೀಕ್ಷಣಾಲಯ 2017ರಲ್ಲಿ ಗೆಮಿಂಗಾ ಮತ್ತು ಮೊನೊಜೆಮ್ ಸುತ್ತ ಗ್ಯಾಮಾ ಕಿರಣಗಳ ಪ್ರಭೆಯನ್ನು ವರದಿ ಮಾಡಿತು. ಅಲ್ಲಿ ಎಲೆಕ್ಟ್ರಾನ್‌ಗಳು ತಯಾರಾಗುತ್ತಿವೆ ಎಂಬುದು ಅದರಿಂದ ಖಾತ್ರಿಯಾಯಿತು. ಆದರೆ ಅವು ಹರಡುತ್ತಿರುವ ದರ ಆಕಾಶಗಂಗೆಯ ಸರಾಸರಿಯ ನೂರನೇ ಒಂದು ಪಾಲಷ್ಟೇ! ದಾರಿಯುದ್ದಕ್ಕೂ ಹೀಗೇ ಆದರೆ ನಮ್ಮನ್ನು ತಲುಪುವುದು ಕಷ್ಟ. ಪಲ್ಸಾರಿನ ಆಸುಪಾಸಿನಲ್ಲಷ್ಟೇ ಈ ನಿಧಾನ, ಆಚೆ ಎಂದಿನ ವೇಗ ಎನ್ನುವವರ ವಾದ ನನಗೆ ಹೆಚ್ಚು ಒಪ್ಪಿತ. ಹಲವರು ಆ ಫಲಿತಾಂಶವನ್ನು 'ಪಲ್ಸಾರ್ ಕಥೆ ಮುಗಿಯಿತು' ಎಂದು ಓದಿಕೊಂಡದ್ದು ಆತುರ.

ಬಂದ ದಿಕ್ಕು ನೋಡಿ ಪತ್ತೆಹಚ್ಚೋಣವೆಂದರೆ ಕಾಂತಕ್ಷೇತ್ರಗಳು ಅದನ್ನು ಕಲಸಿಬಿಟ್ಟಿರುತ್ತವೆ. ಫರ್ಮಿ ದೂರದರ್ಶಕ ಹುಡುಕಿದರೂ ದಿಕ್ಕಿನ ಒಲವು ಸಿಗಲಿಲ್ಲ. ಇನ್ನುಳಿದದ್ದು ಶಕ್ತಿಯ ರೋಹಿತ, ಅಂದರೆ ಯಾವ ಶಕ್ತಿಯಲ್ಲಿ ಎಷ್ಟು ಎಲೆಕ್ಟ್ರಾನ್‌ಗಳು ಬರುತ್ತವೆ ಎಂಬ ನಕ್ಷೆ. ನಮೀಬಿಯಾದ ಹೆಸ್ ದೂರದರ್ಶಕಗಳು 2024ರಲ್ಲಿ ಅದನ್ನು 40 ಟಿಇವಿವರೆಗೆ ಅಳೆದವು: 1 ಟಿಇವಿ ದಾಟುತ್ತಿದ್ದಂತೆ ಕಡಿದಾದ ಇಳಿಜಾರು, ನಡುವೆ ಉಬ್ಬುಗಳಿಲ್ಲ. ಎಳೆಯ ವೇಲಾದ ಗುರುತು ಎದ್ದು ಕಾಣಬೇಕಿದ್ದ ಜಾಗ ಅದು. ಅದರ ಎಲೆಕ್ಟ್ರಾನ್‌ಗಳು ಇನ್ನೂ ಅದರದ್ದೇ ನೆಬ್ಯುಲಾದಲ್ಲಿ (ಸುತ್ತಲಿನ ಕಣಮೋಡದಲ್ಲಿ) ಸಿಕ್ಕಿಕೊಂಡಿರಬಹುದು.