ಬಾಗಿಲಿಗೆ ಬೀಳುವ ಕಿತ್ತಳೆ ಬಣ್ಣದ ಕರಪತ್ರ

ಲಂಡನ್ನಿನ ಸರ್ಬಿಟನ್‌ಗೆ ಬಂದು ಎರಡು ತಿಂಗಳಾಯಿತು, ಲಿಬರಲ್ ಡೆಮೊಕ್ರಾಟರ ಕರಪತ್ರ ಬೀಳುತ್ತಲೇ ಇದೆ, ಇವರು ಯಾರು, ನನಗೇನು ಸಂಬಂಧ ಅಂತ ಕೇಳಿದ್ದೀರಿ. ಸಂಬಂಧ ಇದೆ. ಕಾಮನ್‌ವೆಲ್ತ್ ದೇಶದವರಾದ ನಮಗೆ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡೇ ಇಲ್ಲಿ ಓಟು ಹಾಕಬಹುದು, ಪಾರ್ಲಿಮೆಂಟಿಗೂ. ಇದು ಗೊತ್ತಿಲ್ಲದೆ ನಾನು ಮೂರು ವರ್ಷ ಸುಮ್ನೆ ಕಳೆದೆ.

ಇವರು ಒಂದು ಕಾಲಕ್ಕೆ ದೇಶ ಆಳಿದ್ದ ಲಿಬರಲ್ ಪಕ್ಷದ ವಾರಸುದಾರರು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಲೇಬರ್, ಕನ್ಸರ್ವೇಟಿವ್ ನಡುವೆ ಸಿಕ್ಕಿ ಸೊರಗಿದ್ದರು. 1945ರಲ್ಲಿ 12 ಸೀಟು. 1950ರಲ್ಲಿ ಹಟಕ್ಕೆ ಬಿದ್ದು 475 ಜನರನ್ನು ನಿಲ್ಲಿಸಿದರು. 319 ಜನ ಠೇವಣಿ ಕಳೆದುಕೊಂಡರು! ಮರುವರ್ಷ ಉಳಿದದ್ದು ಬರೀ 6. ಆಗ ಕನ್ಸರ್ವೇಟಿವ್ ಪ್ರಧಾನಿ ಚರ್ಚಿಲ್ ಮಂತ್ರಿ ಪದವಿ ಕೊಡಲು ಬಂದರೂ ನಾಯಕ ಕ್ಲೆಮೆಂಟ್ ಡೇವಿಸ್ ಒಲ್ಲೆ ಅಂದರು. ಒಪ್ಪಿದ್ದರೆ ಪಕ್ಷ ಅಲ್ಲೇ ಕರಗಿಹೋಗುತ್ತಿತ್ತು ಅಂತ ನನಗನಿಸುತ್ತದೆ.

1956ರಲ್ಲಿ ಜೋ ಗ್ರಿಮಂಡ್ ನಾಯಕರಾದರು. 1962ರಲ್ಲಿ ನಿಮ್ಮ ಏರಿಯಾದಂಥದ್ದೇ ಆರ್ಪಿಂಗ್ಟನ್‌ನ ಉಪಚುನಾವಣೆ ಗೆದ್ದಾಗ ದೇಶವೇ ಬೆರಗಾಯಿತು. ಆದರೆ ಪಕ್ಷಕ್ಕೆ ಬೇರು ಬಂದದ್ದು 1970ರ ನಂತರ, ಬೀದಿ ರಾಜಕೀಯದಿಂದ. ಒಡೆದ ಫುಟ್‌ಪಾತ್, ಉರಿಯದ ದೀಪ, ಎತ್ತದ ಕಸ. ಅದನ್ನೇ ಬರೆದು ಮನೆಮನೆಗೆ ಹಾಕುವುದು. ನಿಮ್ಮ ಕೈಲಿರುವ ಹಾಳೆಯ ಅಜ್ಜ ಅದೇ. (ಅದರಲ್ಲಿ 'ಇಲ್ಲಿ ನಾವು ಮಾತ್ರ ಗೆಲ್ಲಬಲ್ಲೆವು' ಅನ್ನುವ ಬಾರ್ ಚಾರ್ಟ್ ಇರುತ್ತದೆ. ಕಂಬಗಳ ಎತ್ತರವನ್ನು ಜಾಸ್ತಿ ನಂಬಬೇಡಿ.)

ಓಟು ಎಲ್ಲೆಡೆ ಚೆದುರಿದರೆ ಇಲ್ಲಿ ಪ್ರಯೋಜನವಿಲ್ಲ, ನಮ್ಮ ಊರಿನ ಹಾಗೇ. 1983ರಲ್ಲಿ ಎಸ್‌ಡಿಪಿ (ಸೋಶಿಯಲ್ ಡೆಮೊಕ್ರಾಟಿಕ್ ಪಕ್ಷ) ಜೊತೆಗಿನ ಇವರ ಮೈತ್ರಿಕೂಟಕ್ಕೆ ಶೇ. 25ರಷ್ಟು ಓಟು ಬಂತು, ಸೀಟು 23. 2024ರಲ್ಲಿ ಶೇ. 12 ಓಟಿಗೇ 72 ಸೀಟು! ಗೆಲ್ಲುವ ಕಡೆ ಮಾತ್ರ ಬೆವರು ಸುರಿಸಿದರು, ಅಷ್ಟೇ. ನಡುವೆ ಒಮ್ಮೆ ಮಕಾಡೆ ಬಿದ್ದದ್ದೂ ಉಂಟು: ಕಾಲೇಜು ಫೀ ಏರಿಸಲು ಬಿಡುವುದಿಲ್ಲ ಅಂತ ಮಾತು ಕೊಟ್ಟು, 2010ರಲ್ಲಿ ಸರ್ಕಾರಕ್ಕೆ ಸೇರಿ ಮಾತು ತಪ್ಪಿದರು. 2015ರಲ್ಲಿ 57 ಸೀಟು 8ಕ್ಕೆ ಇಳಿಯಿತು.

ಒಂದು ಓಟಿನಿಂದ ಏನಾಗುತ್ತದೆ ಅಂತಲೂ ಕೇಳಿದ್ದೀರಿ, ಅಲ್ವಾ? ಈಗಿನ ನಾಯಕ ಎಡ್ ಡೇವಿ 1997ರಲ್ಲಿ ಮೊದಲ ಸಲ ಗೆದ್ದದ್ದು ನಿಮ್ಮ ಕ್ಷೇತ್ರದಲ್ಲೇ, 56 ಓಟಿನಿಂದ. ಯಾರಿಗೆ ಹಾಕುತ್ತೀರೋ ನಿಮಗೆ ಬಿಟ್ಟದ್ದು. ಮೊದಲು ಆನ್‌ಲೈನ್‌ನಲ್ಲಿ ಹೆಸರು ಸೇರಿಸಿ. ಬೂತಿನಲ್ಲಿ ಫೋಟೋ ಗುರುತು ಕೇಳುತ್ತಾರೆ, ನಮ್ಮ ಪಾಸ್‌ಪೋರ್ಟ್ ನಡೆಯುತ್ತದೆ.