ಕೊಡಗಿನ ತರಗತಿಯಲ್ಲಿ ಟಿಪ್ಪುವಿನ ಪಾಠವನ್ನು ಪಕ್ಷಪಾತವಿಲ್ಲದೆ ಬೋಧಿಸುವುದು ಹೇಗೆ?

ವಿರಾಜಪೇಟೆ ತಾಲ್ಲೂಕಿನ ಪ್ರೌಢಶಾಲೆಗೆ ಸಮಾಜ ವಿಜ್ಞಾನ ಶಿಕ್ಷಕರಾಗಿ ಹೊಸದಾಗಿ ಬಂದಿರುವ ನೀವು, ಟಿಪ್ಪುವಿನ ಪಾಠಕ್ಕೆ ತರಗತಿಯನ್ನು ಪರ, ವಿರೋಧ ಎಂದು ಎರಡು ತಂಡ ಮಾಡಿ ಚರ್ಚೆ ಏರ್ಪಡಿಸಿದರೆ ಪಕ್ಷಪಾತದ ಆರೋಪದಿಂದ ಪಾರಾಗಬಹುದೇ ಎಂದು ಕೇಳಿದ್ದೀರಿ. ಏರ್ಪಡಿಸಬೇಡಿ. ನಾನು ಏರ್ಪಡಿಸಿದ್ದೆ.

2015ರ ನವೆಂಬರ್ 10ರಂದು ಸರ್ಕಾರ ಮೊದಲ ಬಾರಿಗೆ ಟಿಪ್ಪು ಜಯಂತಿಯನ್ನು ಆಚರಿಸಿದಾಗ ಮಡಿಕೇರಿಯಲ್ಲಿ ಗಲಭೆಯಾಗಿ ಜೀವಹಾನಿಯಾದದ್ದು ನಿಮಗೆ ನೆನಪಿರಬಹುದು. ಅದಾದ ಮೇಲೆ ಶಾಲೆ ಎಂದಿನಂತೆ ನಡೆಯತೊಡಗಿದರೂ, ನನ್ನ ಹತ್ತನೆಯ ತರಗತಿಯ ಮಕ್ಕಳಲ್ಲಿ ಬಿಸಿಯೂಟಕ್ಕೆ ಒಟ್ಟಿಗೆ ಕೂರುತ್ತಿದ್ದವರು ಜಗುಲಿಯ ಬೇರೆ ಬೇರೆ ಕಂಬಗಳ ಬಳಿ ಕೂರುವುದನ್ನು ಕಂಡು ನನಗೆ ಕಸಿವಿಸಿಯಾಗುತ್ತಿತ್ತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಂದ ಮೇಲೆ ನಡೆದ ತರಬೇತಿಗಳಲ್ಲಿ ‘ಬಹು ದೃಷ್ಟಿಕೋನ’ ಎಂಬ ಮಾತನ್ನು ಕೇಳಿ ಕೇಳಿ ಅದರಲ್ಲಿ ನನಗೆ ನಂಬಿಕೆಯೂ ಬೆಳೆದಿತ್ತು. ಹಾಗಾಗಿ ಮೈಸೂರು ಯುದ್ಧಗಳ ಪಾಠ ಮುಗಿದ ವಾರ, ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿ ‘ಟಿಪ್ಪು ಸುಲ್ತಾನ ದೇಶಭಕ್ತನೇ?’ ಎಂಬ ಚರ್ಚೆಯನ್ನು ಇಟ್ಟುಕೊಂಡೆ. ಮಾತಾಡಿದರೆ ಮನಸ್ಸಿನಲ್ಲಿರುವುದು ಹೊರಬಂದು ಹಗುರಾಗುತ್ತದೆ ಎಂದು ಲೆಕ್ಕ ಹಾಕಿದ್ದೆ.

ನನ್ನ ತಪ್ಪು ಇರುವುದು ಇದರ ನಂತರದ ಒಂದೇ ವಾಕ್ಯದಲ್ಲಿ. ‘ಎಡಗಡೆಯ ಬೆಂಚುಗಳು ಪರ, ಬಲಗಡೆಯವು ವಿರೋಧ, ನಿಮಗೆ ಇಷ್ಟವಿರುವ ಕಡೆ ಹೋಗಿ ಕೂತುಕೊಳ್ಳಿ’ ಎಂದೆ. ಆ ವಾಕ್ಯವನ್ನು ನಾನು ಆಮೇಲೆ ಎಷ್ಟು ಸಲ ಬಿಡಿಸಿ ನೋಡಿದ್ದೇನೆಂದರೆ, ಅದರ ಒಂದೊಂದು ಪದದಲ್ಲೂ ಒಂದೊಂದು ಬೇಜವಾಬ್ದಾರಿ ಕಾಣುತ್ತದೆ. ‘ಇಷ್ಟವಿರುವ ಕಡೆ’ ಎಂದರೆ, ಹದಿನೈದು ವರ್ಷದ ಮಗುವಿಗೆ ಈ ವಿಷಯದಲ್ಲಿ ಓದಿ ಕಟ್ಟಿಕೊಂಡ ಇಷ್ಟವೊಂದು ಇದೆ ಎಂದು ಭಾವಿಸಿದೆ. ಇದ್ದದ್ದು ಮನೆಯಲ್ಲಿ ಕೇಳಿದ ಮಾತು ಮತ್ತು ಆ ತಿಂಗಳ ಭಯ. ‘ಹೋಗಿ’ ಎಂದರೆ, ಎಲ್ಲರ ಕಣ್ಣೆದುರು ಎದ್ದು ನಡೆದು ತಾನು ಯಾರೆಂದು ತೋರಿಸಬೇಕು. ಚೀಟಿ ಎತ್ತಿಸಿದ್ದರೆ, ಅಥವಾ ನಾನೇ ಹೆಸರಿನ ಅಕ್ಷರ ಹಿಡಿದು ತಂಡ ಮಾಡಿದ್ದರೆ, ಕನಿಷ್ಠಪಕ್ಷ ಅದೊಂದು ಆಟವಾಗಿ ಉಳಿಯುತ್ತಿತ್ತು. ನಾನು ಯಾರ ಪರವೂ ತೀರ್ಮಾನ ಮಾಡಬಾರದು ಎಂಬ ಅತಿ ಎಚ್ಚರದಲ್ಲಿ ತೀರ್ಮಾನವನ್ನು ಮಕ್ಕಳ ಜಾತಿ, ಧರ್ಮಗಳ ಕೈಗೆ ಒಪ್ಪಿಸಿಬಿಟ್ಟೆ. ಎರಡು ನಿಮಿಷದಲ್ಲಿ ನನ್ನ ತರಗತಿ ಊರಿನ ನಕ್ಷೆಯಂತೆ ವಿಂಗಡವಾಗಿತ್ತು. ಅದರ ಮೇಲೆ ಈ ಚಟುವಟಿಕೆಗೆ ಅಂಕವೂ ಇತ್ತು. ಕೂರದೆ ನಿಲ್ಲುವ ಸ್ವಾತಂತ್ರ್ಯವನ್ನೂ ನಾನು ಮಕ್ಕಳಿಗೆ ಬಿಟ್ಟಿರಲಿಲ್ಲ.

ಒಬ್ಬ ಹುಡುಗಿ ಮಾತ್ರ ನಡುವಿನ ದಾರಿಯಲ್ಲಿ ನಿಂತಿದ್ದಳು. ಕೊಡವ ಮಾಪಿಳ್ಳೆ ಮನೆತನದವಳು. ಮನೆಯಲ್ಲಿ ಕೊಡವ ತಕ್ಕ್ ಭಾಷೆ, ಮನೆಹೆಸರೂ ಕೊಡವರ ಒಕ್ಕದ್ದೇ (ಕುಲದ್ದೇ), ಧರ್ಮ ಇಸ್ಲಾಂ. ನೀವಿರುವ ತಾಲ್ಲೂಕಿನಲ್ಲಿ ಇಂಥ ಮಕ್ಕಳು ನಿಮಗೂ ಸಿಗುತ್ತಾರೆ. ಈ ಮನೆತನಗಳಲ್ಲಿ ಕೆಲವು ತಮ್ಮ ಮೂಲವನ್ನು ಟಿಪ್ಪುವಿನ ಕಾಲದಲ್ಲಿ ಸೆರೆಯಾಗಿ ಮತಾಂತರಗೊಂಡವರವರೆಗೆ ಹೇಳುತ್ತವೆ. ಬಲಗಡೆಯಿಂದ ಯಾರೋ ‘ನೀನು ಆ ಕಡೆ’ ಎಂದು ಕೈ ತೋರಿಸಿದರು. ಅವಳು ನನ್ನನ್ನು ನೋಡಿ, ‘ಹಿಡಿದುಕೊಂಡು ಹೋದದ್ದು ನಮ್ಮವರನ್ನೇ ಅಂತ ಅಜ್ಜಿ ಹೇಳ್ತಾರೆ ಸಾರ್, ನಾನು ಎಲ್ಲಿ ಕೂರಬೇಕು?’ ಎಂದಳು. ಪಕ್ಷಪಾತವಿಲ್ಲದ ಶಿಕ್ಷಕನಾದ ನಾನು ಆಗ ಹೇಳಿದ ಉತ್ತರ, ‘ಬೇಗ ಯಾವುದಾದರೂ ಒಂದು ಕಡೆ ಕೂತ್ಕೊಳ್ಳಮ್ಮ, ಅವಧಿ ಮುಗಿಯುತ್ತದೆ’ ಎಂಬುದು.

ಚರ್ಚೆ ಹೇಗಾಯಿತು ಎಂಬುದನ್ನು ವಿವರಿಸುವುದಿಲ್ಲ. ಆ ವಾರದಲ್ಲೇ ಆ ಹುಡುಗಿಯ ತಂದೆ ಬಂದು ವರ್ಗಾವಣೆ ಪತ್ರ ತೆಗೆದುಕೊಂಡು ಹೋದರು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೆಲವೇ ತಿಂಗಳು ಇದ್ದುದರಿಂದ ಮುಖ್ಯಶಿಕ್ಷಕರು ಎಷ್ಟೋ ಹೇಳಿನೋಡಿದರೂ ಅವರು ಕೇಳಲಿಲ್ಲ, ನನ್ನ ಮುಖವನ್ನೂ ನೋಡಲಿಲ್ಲ. ನನಗೆ ಕಾರಣ ಕೇಳಿ ನೋಟಿಸ್ ಬಂತು, ಒಂದು ವಾರ್ಷಿಕ ವೇತನ ಬಡ್ತಿ ತಡೆಯಾಯಿತು, ಎರಡು ವರ್ಷ ಜಿಲ್ಲೆಯ ಇನ್ನೊಂದು ಮೂಲೆಯ ಶಾಲೆಗೆ ನಿಯೋಜನೆಯಾಯಿತು.

ಆದರೆ ನನ್ನನ್ನು ನಿಜವಾಗಿ ತಿದ್ದಿದ್ದು ನೋಟಿಸಲ್ಲ. ಬಲಗಡೆ ಕೂತಿದ್ದ ಒಬ್ಬ ಹುಡುಗನ ತಾತ, ಸೇನೆಯಿಂದ ನಿವೃತ್ತರಾದ ಸುಬೇದಾರರು, ಶಿಕ್ಷಕರ ಕೊಠಡಿಗೆ ಬಂದರು. ಜಗಳಕ್ಕೆ ಬಂದಿದ್ದಾರೆಂದು ನಾನು ಎದ್ದು ನಿಂತೆ. ಅವರು ಕೂತು, ನೀರು ಕುಡಿದು, ‘ಮಾಷ್ಟ್ರೇ, ನಿಮ್ಮ ಅಪ್ಪಯ್ಯ ಗೌಡರ ಪಾಠಕ್ಕೂ ಹೀಗೆಯೇ ಬೆಂಚು ಹಂಚಿದಿರೋ?’ ಎಂದು ಕೇಳಿದರು.

ನಾನು ಅರೆಭಾಷೆ ಗೌಡರವನು. ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಎದ್ದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯ ಬಳಿ ಗಲ್ಲಿಗೇರಿಸಿದ ಕಥೆಯನ್ನು ನಾನು ಪಠ್ಯದಲ್ಲಿ ಓದುವುದಕ್ಕೆ ಬಹಳ ಮೊದಲೇ ಮನೆಯಲ್ಲಿ ಕೇಳಿದ್ದೆ. ಪ್ರತಿ ವರ್ಷ ಅದನ್ನು ಹೇಳುವಾಗ ನನ್ನ ಗಂಟಲು ಕಟ್ಟುತ್ತಿತ್ತು. ಸುಳ್ಯದಿಂದ ಹೊರಟ ಬಂಡಾಯಗಾರರು ಮಂಗಳೂರಿನ ಬಾವುಟಗುಡ್ಡೆಯಲ್ಲಿ ಬ್ರಿಟಿಷರ ಬಾವುಟ ಇಳಿಸಿದ್ದನ್ನು ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ತೋರಿಸುತ್ತಿದ್ದೆ. ಅದೇ ಬಂಡಾಯವನ್ನು ಅಡಗಿಸಲು ಕೊಡಗಿನ ದಿವಾನರು ಕಂಪನಿಯ ಜೊತೆ ನಿಂತದ್ದನ್ನಾಗಲಿ, ಹಾಗೆ ನಿಂತವರಿಗೆ ಕಂಪನಿ ಸರ್ಕಾರ ಚಿನ್ನ ಮತ್ತು ಬೆಳ್ಳಿಯ ಕೂರ್ಗ್ ಪದಕಗಳನ್ನು ಹಂಚಿದ್ದನ್ನಾಗಲಿ, ಕರಾವಳಿಯ ಜನರ ಬಾಯಲ್ಲಿ ಈ ದಂಡಯಾತ್ರೆ ‘ಕಲ್ಯಾಣಪ್ಪನ ಕಾಟಕಾಯಿ’ (ಬಂಡಾಯದ ನಾಯಕ ಕಲ್ಯಾಣಪ್ಪನ ಲೂಟಿ) ಎಂಬ ಹೆಸರಿನಲ್ಲಿ ಉಳಿದದ್ದನ್ನಾಗಲಿ ಒಂದು ಸಲವೂ ಹೇಳಿರಲಿಲ್ಲ. ಮುಚ್ಚಿಡಬೇಕೆಂದು ಅಲ್ಲ, ಅದು ಚರ್ಚೆಗೆ ಇಡುವಂಥ ವಿಷಯವೆಂದು ನನಗೆ ಹೊಳೆದಿರಲೇ ಇಲ್ಲ. ನಮ್ಮ ಮನೆಯ ಸಂಕಟವನ್ನು ಇತಿಹಾಸವೆಂದು ಕಲಿಸುತ್ತಿದ್ದವನು, ಸುಬೇದಾರರ ಮನೆಯ ಸಂಕಟವನ್ನೂ ಆ ಹುಡುಗಿಯ ಅಜ್ಜಿಯ ಮಾತನ್ನೂ ಚರ್ಚಾಸ್ಪರ್ಧೆಗೆ ಇಟ್ಟಿದ್ದೆ.

ಆದ್ದರಿಂದ ನಿಮ್ಮ ಪ್ರಶ್ನೆಯ ಬುಡವನ್ನೇ ನಾನು ಒಪ್ಪುವುದಿಲ್ಲ. ಟಿಪ್ಪುವಿನ ಪಾಠಕ್ಕೆ ಮಾತ್ರ ‘ಎರಡೂ ಕಡೆ’ ಬೇಕೆಂದು ನಿಮಗೆ ಅನ್ನಿಸಿದೆಯಲ್ಲ, ಆ ಆಯ್ಕೆಯಲ್ಲೇ ಪಕ್ಷಪಾತವಿದೆ. ನಿಮಗೆ ಯಾವ ಪಾಠದಲ್ಲಿ ಎರಡನೆಯ ಕಡೆಯೇ ಕಾಣುವುದಿಲ್ಲವೋ ಅದನ್ನು ಮೊದಲು ಹುಡುಕಿ, ಅಲ್ಲಿಂದ ಆರಂಭಿಸಿ. ಇನ್ನೂ ಒಂದು ಮಾತು: ಕಡೆಗಳು ಎರಡೇ ಎಂದು ಯಾರು ಹೇಳಿದರು? ತೋಟದ ಲೈನ್ ಮನೆಯಿಂದ ಬರುವ ಯರವ ಬುಡಕಟ್ಟಿನ ಮಗು ನಿಮ್ಮ ಹಿಂದಿನ ಬೆಂಚಿನಲ್ಲಿ ಕೂತಿರುತ್ತದೆ. ಅರಸರ ಕಾಲದ ಕೊಡಗಿನಲ್ಲಿ ಅದರ ಹಿರಿಯರು ಜೀತದಾಳುಗಳಾಗಿ ಭೂಮಿಯ ಜೊತೆಗೇ ಕೈಬದಲಾಗುತ್ತಿದ್ದರು. ಶ್ರೀರಂಗಪಟ್ಟಣ ಗೆದ್ದಿತೋ ಮಡಿಕೇರಿ ಗೆದ್ದಿತೋ ಎಂಬುದು ಅವರ ಬದುಕಿನಲ್ಲಿ ಏನನ್ನು ಬದಲಿಸಿತು ಎಂಬ ಪ್ರಶ್ನೆಗೆ ನನ್ನ ಎಡ, ಬಲ ಬೆಂಚುಗಳಲ್ಲಿ ಜಾಗವೇ ಇರಲಿಲ್ಲ.

ಪಠ್ಯಪುಸ್ತಕ ಸರಿಯಾಗುವವರೆಗೆ ಕಾಯುತ್ತೇನೆ ಎನ್ನಬೇಡಿ. 2020ರಲ್ಲಿ ಕೋವಿಡ್ ನೆಪದಲ್ಲಿ ಪಾಠ ಕಡಿತದ ಗದ್ದಲ, 2022ರಲ್ಲಿ ಒಂದು ಪರಿಷ್ಕರಣೆ, 2023ರಲ್ಲಿ ಅದನ್ನು ಹಿಂತೆಗೆಯುವ ತೀರ್ಮಾನ, ಎಲ್ಲವನ್ನೂ ನೋಡಿಯಾಯಿತು. ಪುಟಗಳು ಬರುತ್ತವೆ, ಹೋಗುತ್ತವೆ.

ಈಗ ನಾನು ಮಾಡುವುದು ಬೇರೆ. ಯಾರನ್ನೂ ಎಲ್ಲಿಯೂ ಕೂರಿಸದೆ, ಒಂದು ಸಂಖ್ಯೆಯನ್ನು ಹಿಡಿದು ಎರಡು ಅವಧಿ ಕಳೆಯುತ್ತೇನೆ. ಕೊಡಗಿನಿಂದ ಶ್ರೀರಂಗಪಟ್ಟಣಕ್ಕೆ ಒಯ್ದ ಸೆರೆಯಾಳುಗಳು ಎಷ್ಟು ಮಂದಿ? ಟಿಪ್ಪುವೇ ಕರ್ನೂಲಿನ ನವಾಬನಿಗೆ ಬರೆದ ಪತ್ರದಲ್ಲಿ 40,000 ಎಂದಿದೆ. ಆ ಪತ್ರ ನಮಗೆ ಸಿಕ್ಕಿರುವುದು ಕಂಪನಿಯ ಅಧಿಕಾರಿ ಕರ್ಕ್‌ಪ್ಯಾಟ್ರಿಕ್ 1811ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದದಲ್ಲಿ. ಮೈಸೂರಿನಲ್ಲಿ ಕಂಪನಿಯ ಪ್ರತಿನಿಧಿ, ಅಂದರೆ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 70,000 ಎನ್ನುತ್ತಾನೆ. ಟಿಪ್ಪುವಿನ ಕಡೆಯವನೇ ಆದ ಆಸ್ಥಾನದ ಚರಿತ್ರಕಾರ ಕಿರ್ಮಾನಿ 80,000 ಎನ್ನುತ್ತಾನೆ. ಇವಿಷ್ಟನ್ನು ಹಲಗೆಯ ಮೇಲೆ ಬರೆದು, ಪಕ್ಕದಲ್ಲಿ 1871ರ ಜನಗಣತಿಯಲ್ಲಿ ಇಡೀ ಕೊಡಗಿನ ಜನಸಂಖ್ಯೆ 1,68,312 ಎಂದು ಬರೆಯುತ್ತೇನೆ. ಗೆದ್ದವನು ಇನ್ನೊಬ್ಬ ನವಾಬನಿಗೆ ಬರೆಯುವಾಗ ಸಂಖ್ಯೆಯನ್ನು ಹಿಗ್ಗಿಸುತ್ತಾನೋ ಕುಗ್ಗಿಸುತ್ತಾನೋ, ಕಂಪನಿಯವನಿಗೆ ಟಿಪ್ಪು ಕ್ರೂರಿಯಾಗಿ ಕಾಣಬೇಕಾದ ಅಗತ್ಯ ಏನಿತ್ತು, ಆಸ್ಥಾನದ ಚರಿತ್ರಕಾರನಿಗೆ ಒಡೆಯನ ಗೆಲುವು ದೊಡ್ಡದಾಗಿ ಕಾಣಬೇಕಾದ ಅಗತ್ಯ ಏನಿತ್ತು ಎಂದು ಮಕ್ಕಳೇ ತಲೆ ಕೆಡಿಸಿಕೊಳ್ಳುತ್ತಾರೆ. ಆಗ ಯಾರಾದರೊಬ್ಬರು ‘ಹಾಗಾದರೆ ಎಲ್ಲ ಸುಳ್ಳು’ ಎಂದು ಹಾರುವುದು ಖಂಡಿತ. ಅಲ್ಲಿ ಮಾತ್ರ ನೀವು ತಟಸ್ಥರಾಗಿ ಉಳಿಯಕೂಡದು. ಲೆಕ್ಕ ಅನುಮಾನಕ್ಕೆ ಒಳಗಾದ ಮಾತ್ರಕ್ಕೆ ಘಟನೆ ಅಳಿಯುವುದಿಲ್ಲ. ಸೆರೆ ಒಯ್ದದ್ದನ್ನು ಒಯ್ದವನೇ ಹೆಮ್ಮೆಯಿಂದ ಹೇಳಿಕೊಂಡಿದ್ದಾನೆ, 1792ರ ಶ್ರೀರಂಗಪಟ್ಟಣದ ಮುತ್ತಿಗೆಯ ಗೊಂದಲದಲ್ಲಿ ತಪ್ಪಿಸಿಕೊಂಡು ಮರಳಿದವರೂ ಇದ್ದಾರೆ. ಇದನ್ನು ಸ್ಪಷ್ಟವಾಗಿ, ದನಿ ತಗ್ಗಿಸದೆ ಹೇಳಿ.

ಕೊಡಗಿನ ಅರಸ ದೊಡ್ಡವೀರರಾಜೇಂದ್ರನ ಬಗ್ಗೆಯೂ ಇದೇ ಶಿಸ್ತು ಬೇಕು. ಪಿರಿಯಾಪಟ್ಟಣದ ಸೆರೆಯಿಂದ 1788ರಲ್ಲಿ ಪಾರಾಗಿ ಬಂದು ಟಿಪ್ಪುವಿನ ವಿರುದ್ಧ ಹೋರಾಡಿದ ಅವನ ಕಥೆ ನಮಗೆ ಹೆಚ್ಚಾಗಿ ತಿಳಿದಿರುವುದು ಅವನೇ ಬರೆಸಿದ ‘ರಾಜೇಂದ್ರನಾಮೆ’ಯಿಂದ. ಕೊನೆಯ ದಿನಗಳಲ್ಲಿ ಅವನು ಹರಿಸಿದ ರಕ್ತದ ಕಥೆಗೆ 1855ರಲ್ಲಿ ಪುಸ್ತಕ ಪ್ರಕಟಿಸಿದ ಮಿಷನರಿ ಮೊಗ್ಲಿಂಗ್ ಬೇಕಾಗುತ್ತಾನೆ. ಅರಸ ತನ್ನ ಬಗ್ಗೆ ಬರೆಸಿದ್ದು ಒಂದು, ಪಾದ್ರಿ ಅರಸೊತ್ತಿಗೆಯ ಬಗ್ಗೆ ಬರೆದದ್ದು ಇನ್ನೊಂದು. ಇಬ್ಬರಿಗೂ ತಮ್ಮ ತಮ್ಮ ಕಾರಣವಿತ್ತು.

ಆಮೇಲೆ ಮಕ್ಕಳನ್ನು ಮಡಿಕೇರಿಗೆ ಕರೆದುಕೊಂಡು ಹೋಗಿ. ಮುದ್ದುರಾಜ ಕಟ್ಟಿಸಿದ ಮಣ್ಣಿನ ಕೋಟೆಯನ್ನು ಕಲ್ಲಿನದಾಗಿಸಿ ಊರಿಗೆ ಜಾಫರಾಬಾದ್ ಎಂದು ಹೆಸರಿಟ್ಟವನು ಟಿಪ್ಪು, ಒಳಗಿನ ಅರಮನೆಯನ್ನು 1812ರಿಂದ 1814ರೊಳಗೆ ಹೊಸದಾಗಿ ಕಟ್ಟಿಸಿದವನು ಲಿಂಗರಾಜ, ವೀರಭದ್ರನ ಗುಡಿ ತೆಗೆಸಿ 1859ರಲ್ಲಿ ಚರ್ಚ್ ಮುಗಿಸಿದವರು ಬ್ರಿಟಿಷರು. ಅದೇ ಚರ್ಚಿನ ಕಟ್ಟಡದಲ್ಲಿ ಈಗ ವಸ್ತುಸಂಗ್ರಹಾಲಯವಿದೆ. ಅಲ್ಲಿಂದ ಗದ್ದಿಗೆಗೆ ಹೋದರೆ, ವೀರಶೈವ ಅರಸರ ಸಮಾಧಿಗಳ ಮೇಲೆ ಗುಮ್ಮಟವೂ ಮೂಲೆಗಳಲ್ಲಿ ಮಿನಾರುಗಳೂ ನಂದಿಗಳೂ ಒಟ್ಟಿಗೆ ಕಾಣುತ್ತವೆ. ಸಮೀಪದಲ್ಲೇ ಟಿಪ್ಪುವಿನ ವಿರುದ್ಧ ಹೋರಾಡಿದ ಬಿದ್ದಂಡ ಬೋಪು ಅವರ ಸಮಾಧಿಯಿದೆ. ಪೇಟೆಯಲ್ಲಿ ಅಪ್ಪಯ್ಯ ಗೌಡರ ಪ್ರತಿಮೆ ಇದೆ. ಇಷ್ಟನ್ನೂ ಒಂದೇ ದಿನದಲ್ಲಿ ಕಾಲ್ನಡಿಗೆಯಲ್ಲಿ ನೋಡಿದ ಮಗು ‘ನಾನು ಯಾವ ಕಡೆ’ ಎಂದು ಕೇಳುವುದು ಕಡಿಮೆ, ‘ಇದನ್ನು ಯಾರು ಕಟ್ಟಿಸಿದರು, ಅದನ್ನು ಯಾಕೆ ಕೆಡವಿದರು’ ಎಂದು ಕೇಳುವುದು ಹೆಚ್ಚು. ಪರೀಕ್ಷೆಯ ಎರಡು ಅಂಕದ ಪ್ರಶ್ನೆಗೆ ಪಠ್ಯದಲ್ಲಿರುವ ಉತ್ತರವನ್ನೇ ಬರೆಯಿರಿ ಎಂದು ಮಕ್ಕಳಿಗೆ ಮರೆಯದೆ ಹೇಳಿ. ನಮ್ಮ ಶೋಧನೆಗೆ ಅವರ ಅಂಕ ಬಲಿಯಾಗಬಾರದು.

ಹೊರಡುವ ಮೊದಲು ಮುಖ್ಯಶಿಕ್ಷಕರಿಂದ ಲಿಖಿತ ಅನುಮತಿ ತೆಗೆದುಕೊಳ್ಳಿ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರಿಗೂ ತಿಳಿಸಿ. ನನಗೆ ಬಂದ ನೋಟಿಸ್‌ನಲ್ಲಿದ್ದ ಆರೋಪ ‘ಪೂರ್ವಾನುಮತಿ ಇಲ್ಲದೆ ಚರ್ಚಾ ಚಟುವಟಿಕೆ ನಡೆಸಿರುವುದು’ ಎಂಬುದು ಮಾತ್ರ. ನಡುದಾರಿಯಲ್ಲಿ ನಿಂತಿದ್ದ ಆ ಹುಡುಗಿಯ ವಿಷಯ ಅದರಲ್ಲಿ ಒಂದು ಸಾಲೂ ಇರಲಿಲ್ಲ, ನಾನು ಕೊಟ್ಟ ಉತ್ತರದಲ್ಲಿಯೂ ಇರಲಿಲ್ಲ.