ಓದುಗರ ಪ್ರಶ್ನೆ: ವಿಜ್ಞಾನ ಕಟ್ಟಡದ ನಕ್ಷೆ ಎಲ್ಲಿಂದ ಆರಂಭವಾಗಬೇಕು?

ಪ್ರಶ್ನೆ: ನಾನು ಕಲಬುರಗಿ ಜಿಲ್ಲೆಯ ಒಂದು ಪದವಿ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕ. ಬಿ.ಎಸ್ಸಿ. ತರಗತಿಗಳಿಗಾಗಿ ಎರಡು ಅಂತಸ್ತಿನ ಹೊಸ ಕಟ್ಟಡ ಕಟ್ಟಿಸಲು ಆಡಳಿತ ಮಂಡಳಿಯವರು ಒಪ್ಪಿದ್ದಾರೆ. ಎಂಜಿನಿಯರರು ತಂದ ನಕ್ಷೆಯಲ್ಲಿ ಒಂದೇ ಅಳತೆಯ ಹನ್ನೆರಡು ಕೋಣೆಗಳಿವೆ. ಯಾವುದು ಯಾವ ವಿಭಾಗಕ್ಕೆ ಎಂಬುದನ್ನು ನಾವೇ ಹಂಚಿಕೊಳ್ಳಬೇಕಂತೆ. ನಮ್ಮ ಪ್ರಯೋಗಾಲಯ ಕೆಳಗಿರಲಿ ಎಂದು ಪ್ರಾಚಾರ್ಯರು, ಮೇಲಿರಲಿ ಎಂದು ನಾನು. ಎಲ್ಲ ಕೋಣೆಗಳಿಗೂ ಶಹಾಬಾದ್ ಕಲ್ಲು ಹಾಸುವುದೆಂದು ಆಗಲೇ ತೀರ್ಮಾನವಾಗಿದೆ. ನಾವು ಏನೇನು ಬದಲಾವಣೆ ಕೇಳಬೇಕು?

ಉತ್ತರ: ಮೊದಲು ಆ ನಕ್ಷೆಯನ್ನು ಹಿಂದಿರುಗಿಸಿರಿ. ಸಮನಾದ ಕೋಣೆಗಳ ಸಾಲು ಪಾಠ ಹೇಳುವುದಕ್ಕೆ ಸಾಕು, ಪ್ರಯೋಗಕ್ಕೆ ಸಾಲದು. ವಿಜ್ಞಾನದ ಕಟ್ಟಡದಲ್ಲಿ ಗೋಡೆಗಳಿಗಿಂತ ಮುಂಚೆ ಗುರುತಾಗಬೇಕಾದದ್ದು ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ, ಅನಿಲ ಯಾವ ದಾರಿಯಲ್ಲಿ ಬರುತ್ತದೆ, ಹೊಗೆ ಎಲ್ಲಿ ಹೊರಬೀಳುತ್ತದೆ ಎಂಬ ಮೂರು ಗೆರೆಗಳು. ನಾನು ಕೆಲಸ ಮಾಡಿದ ಒಂದು ಕಾಲೇಜಿನಲ್ಲಿ ಈ ಗೆರೆಗಳನ್ನು ಕಟ್ಟಡ ಮುಗಿದ ಮೇಲೆ ಎಳೆದರು. ಲವಣದಲ್ಲಿ ಏನೇನಿದೆಯೆಂದು ಗುರುತಿಸುವ ಗುಣಾತ್ಮಕ ವಿಶ್ಲೇಷಣೆಯ ದಿನಗಳಲ್ಲಿ, ಕೊಳೆತ ಮೊಟ್ಟೆಯಂತೆ ನಾರುವ ಹೈಡ್ರೋಜನ್ ಸಲ್ಫೈಡ್ ಕೆಳಗಿನ ಪ್ರಯೋಗಾಲಯದಿಂದ ಮೇಲಿನ ಗ್ರಂಥಾಲಯದ ಕಿಟಕಿಯಲ್ಲಿ ನುಗ್ಗಿ, ಓದುವವರು ಪುಸ್ತಕ ಮುಚ್ಚಿ ಹೊರಡುತ್ತಿದ್ದರು.

ನಿಮ್ಮ ವಾದವೇ ನನಗೂ ಸರಿಯೆನಿಸುತ್ತದೆ, ಆದರೆ ಮೂರು ಷರತ್ತುಗಳೊಡನೆ. ರಸಾಯನ ಪ್ರಯೋಗಾಲಯವು ಮೇಲಂತಸ್ತಿನ ಒಂದು ತುದಿಯಲ್ಲಿದ್ದರೆ ಫ್ಯೂಮ್ ಹುಡ್‌ನ (ಪ್ರಯೋಗದ ಹೊಗೆಯನ್ನು ಹೊರಗೆಳೆಯುವ ಗೂಡಿನ) ಕೊಳವೆ ನೇರವಾಗಿ, ತಿರುವುಗಳಿಲ್ಲದೆ ಮಾಳಿಗೆಯನ್ನು ದಾಟುತ್ತದೆ. ಕೊಳವೆಯ ಬಾಯಿ ಮಾಳಿಗೆಯಿಂದ ಸುಮಾರು 3 ಮೀಟರ್ ಎತ್ತರದಲ್ಲಿರಲಿ, ಹೊಗೆ ಎಳೆಯುವ ಫ್ಯಾನನ್ನು ಕೋಣೆಯೊಳಗಲ್ಲ, ಮೇಲಿನ ತುದಿಯಲ್ಲಿಯೇ ಕೂರಿಸಲಿ. ಆಗ ಕೊಳವೆಯಲ್ಲಿ ಎಲ್ಲಿಯಾದರೂ ಬಿರುಕು ಬಿಟ್ಟರೆ ಕೋಣೆಯ ಗಾಳಿ ಕೊಳವೆಯೊಳಗೆ ಹೋಗುತ್ತದೆಯೇ ಹೊರತು ಹೊಗೆ ಕೋಣೆಗೆ ಬರುವುದಿಲ್ಲ. ಈ ಫ್ಯಾನು ಜನರೇಟರಿನ ಸಾಲಿಗೆ ಸೇರಿರಬೇಕೆಂದು ಬರವಣಿಗೆಯಲ್ಲಿಯೇ ಕೇಳಿರಿ. ಪ್ರಾಚಾರ್ಯರ ಕೋಣೆಯ ಎ.ಸಿ. ಸೇರಿ ಫ್ಯಾನು ಬಿಟ್ಟುಹೋದದ್ದನ್ನು ನಾನು ನೋಡಿದ್ದೇನೆ.

ಮೊದಲ ಷರತ್ತು ನೀರಿನದು. ಮೇಲಿನ ಸಿಂಕುಗಳು ಒಂದಲ್ಲ ಒಂದು ದಿನ ಸೋರಿಯೇ ಸೋರುತ್ತವೆ. ಆದ್ದರಿಂದ ನಿಮ್ಮ ಪ್ರಯೋಗಾಲಯದ ಕೆಳಗೆ ಸಸ್ಯಶಾಸ್ತ್ರವೋ ಪ್ರಾಣಿಶಾಸ್ತ್ರವೋ ಇರಲಿ; ಅವರಿಗೂ ಸಿಂಕು ಬೇಕಾಗಿರುವುದರಿಂದ ಒಂದೇ ನೇರದಲ್ಲಿ ಎರಡೂ ಅಂತಸ್ತುಗಳ ಕೊಳವೆಗಳು ಇಳಿಯುತ್ತವೆ. ಭೌತಶಾಸ್ತ್ರವನ್ನು ನೆಲ ಅಂತಸ್ತಿನ ಇನ್ನೊಂದು ತುದಿಗೆ, ಮೆಟ್ಟಿಲಿನಿಂದ ದೂರಕ್ಕೆ ಕಳುಹಿಸಿರಿ. ಸಣ್ಣ ವಿದ್ಯುತ್ ಪ್ರವಾಹವನ್ನು ತೋರಿಸುವ ಗ್ಯಾಲ್ವನೋಮೀಟರಿಗೂ ಬೆಳಕಿನ ಬಣ್ಣಗಳನ್ನು ಬಿಡಿಸಿ ಅಳೆಯುವ ಸ್ಪೆಕ್ಟ್ರೋಮೀಟರಿಗೂ ಅಲುಗಾಡದ ನೆಲ ಬೇಕು, ಕತ್ತಲೆ ಕೋಣೆಯೂ ಬೇಕು.

ಎರಡನೆಯ ಷರತ್ತು ಬಿಸಿಲಿನದು. ನಮ್ಮಲ್ಲಿ ಏಪ್ರಿಲ್–ಮೇ ತಿಂಗಳುಗಳಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ, ಡೈಈಥೈಲ್ ಈಥರ್ ಕುದಿಯುವುದು ಸುಮಾರು 35 ಡಿಗ್ರಿಗೆ. ಕಾದ ಮಾಳಿಗೆಯ ಕೆಳಗಿನ ಕಪಾಟಿನಲ್ಲಿ ಈಥರ್ ಇಡುವುದೆಂದರೆ ಒಲೆಯ ಮೇಲಿಟ್ಟಂತೆಯೇ ಸರಿ. ಉರಿಯುವ ದ್ರಾವಕಗಳ ಉಗ್ರಾಣ ಕೆಳಗೆ, ಮುಖ್ಯ ಕಟ್ಟಡದಿಂದ ಬೇರೆಯಾಗಿ, ಉತ್ತರದ ನೆರಳಿನಲ್ಲಿರಲಿ. ಆ ದಿನಕ್ಕೆ ಬೇಕಾದಷ್ಟೇ ಮೇಲಕ್ಕೆ ಹೋಗಲಿ. ನೈಟ್ರಿಕ್ ಆಮ್ಲವನ್ನು ಈ ದ್ರಾವಕಗಳ ಜೊತೆ ಒಂದೇ ಕೋಣೆಯಲ್ಲಿ ಎಂದಿಗೂ ಇಡಬಾರದು.

ಮೂರನೆಯದು ಗ್ಯಾಸಿನದು. ಎಲ್‌ಪಿಜಿ ಗಾಳಿಗಿಂತ ಭಾರವಾದದ್ದು. ಸೋರಿದರೆ ನೆಲಕ್ಕಿಳಿದು ತಗ್ಗಿರುವ ಕಡೆ ಕೂಡಿಕೊಳ್ಳುತ್ತದೆ. ಸಿಲಿಂಡರುಗಳು ಹೊರಗೆ, ಗಾಳಿಯಾಡುವ ಜಾಲರಿಯ ಗೂಡಿನಲ್ಲಿರಬೇಕು, ಹತ್ತಿರದಲ್ಲಿ ಚರಂಡಿಯಾಗಲಿ ನೆಲಮಾಳಿಗೆಯ ಕಿಂಡಿಯಾಗಲಿ ಇರಬಾರದು.

ಕಟ್ಟಡದ ಉದ್ದ ಪೂರ್ವ–ಪಶ್ಚಿಮವಾಗಿ ಚಾಚಿರಲಿ. ಕಲಬುರಗಿ 17 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿರುವುದರಿಂದ ಮೇ ಎರಡನೆಯ ವಾರದಿಂದ ಜುಲೈ ಕೊನೆಯವರೆಗೆ ನಡುಹಗಲಿನ ಸೂರ್ಯ ನೆತ್ತಿಯಿಂದ ಕೊಂಚ ಉತ್ತರಕ್ಕೇ ವಾಲಿರುತ್ತಾನೆ. ದಕ್ಷಿಣದ ಕಿಟಕಿಗೆ 60 ಸೆಂಟಿಮೀಟರ್ ಸಜ್ಜಾ ಇದ್ದರೆ ಬೇಸಿಗೆಯ ನಡುಹಗಲಿಗೆ ನೆರಳು ಸಾಕಾಗುತ್ತದೆ. ಪಶ್ಚಿಮದ ಇಳಿಬಿಸಿಲಿಗೆ ಯಾವ ಸಜ್ಜಾವೂ ಸಾಲದು. ಆ ಗೋಡೆಗೆ ಮೆಟ್ಟಿಲು, ಶೌಚಾಲಯ, ಹಳೆಯ ಬೆಂಚುಗಳ ಕೋಣೆಯನ್ನು ಒತ್ತಿಡಿ. ಸೂಕ್ಷ್ಮದರ್ಶಕದ ಮೇಜುಗಳಿಗೆ ಉತ್ತರದ ತಂಪು ಬೆಳಕು ಸಿಗಲಿ.

ಇನ್ನು ಶಹಾಬಾದ್ ಕಲ್ಲಿನ ಮಾತು. ಊರ ಕಲ್ಲಿನ ಮೇಲಿನ ಅಭಿಮಾನ ನನಗೂ ಇದೆ. ತರಗತಿ, ಪಡಸಾಲೆ, ಭೌತಶಾಸ್ತ್ರದ ಕೋಣೆಗಳಿಗೆ ಅದಕ್ಕಿಂತ ಅಗ್ಗವೂ ಗಟ್ಟಿಯೂ ಆದ ಹಾಸು ಸಿಗಲಾರದು. ಆದರೆ ಅದು ಸುಣ್ಣಕಲ್ಲು. ಕಾರ್ಬೊನೇಟನ್ನು ಗುರುತಿಸಲು ನಿಮ್ಮ ವಿದ್ಯಾರ್ಥಿಗಳು ಪ್ರನಾಳದಲ್ಲಿ ಆಮ್ಲ ಹಾಕಿ ನೋಡುವ ಆ ನೊರೆಯನ್ನು ನೆಲದ ಮೇಲೆಯೇ ನೋಡಬೇಕಾದೀತು. ಒಂದೆರಡು ವರ್ಷಗಳಲ್ಲಿ ಮೇಜುಗಳ ಬುಡದಲ್ಲಿ ಕಲ್ಲು ಬಿಳಚಿಕೊಂಡು ಕುಳಿ ಬೀಳುತ್ತದೆ. ರಸಾಯನ ಪ್ರಯೋಗಾಲಯಕ್ಕೆ ಆಮ್ಲ ತಡೆಯುವ ಟೈಲ್ಸ್, ಸಂದುಗಳಿಗೆ ಸಿಮೆಂಟಿನ ಬದಲು ಎಪಾಕ್ಸಿ, ಮೇಜಿನ ಮೇಲ್ಮೈಗೆ ಗ್ರಾನೈಟ್ ಕೇಳಿರಿ. ನೆಲಕ್ಕೆ ಬೇಡವಾದ ಅದೇ ಶಹಾಬಾದ್ ಕಲ್ಲಿನ ಚೂರುಗಳನ್ನು ಸಿಂಕುಗಳ ನೀರು ಕೂಡುವ ಗುಂಡಿಯಲ್ಲಿ ತುಂಬಿಸಿರಿ: ಆಮ್ಲವು ಚರಂಡಿ ಸೇರುವ ಮೊದಲು ಅಲ್ಲಿಯೇ ತಟಸ್ಥವಾಗುತ್ತದೆ. ಗಂಧಕಾಮ್ಲ ಮಾತ್ರ ಚೂರುಗಳ ಮೇಲೆ ಕ್ಯಾಲ್ಸಿಯಂ ಸಲ್ಫೇಟಿನ ಪೊರೆ ಕಟ್ಟುವುದರಿಂದ ಆಗಾಗ ಅವುಗಳನ್ನು ತೆಗೆದು ಹೊಸದನ್ನು ಹಾಕಬೇಕಾಗುತ್ತದೆ. ಗುಂಡಿಯ ಮುಚ್ಚಳ ಒಬ್ಬ ಅಟೆಂಡರ್ ಎತ್ತುವಷ್ಟು ಹಗುರವಾಗಿರಲಿ, ಇಲ್ಲದಿದ್ದರೆ ಅದನ್ನು ಯಾರೂ ತೆರೆಯುವುದಿಲ್ಲ.

ಅಳತೆಯ ವಿಷಯದಲ್ಲಿ, ಒಬ್ಬ ವಿದ್ಯಾರ್ಥಿಗೆ 3 ಚದರ ಮೀಟರಿಗಿಂತ ಕಡಿಮೆಗೆ ಒಪ್ಪಬೇಡಿರಿ; 20 ಜನರ ತಂಡಕ್ಕೆ 60 ಚದರ ಮೀಟರ್, ಜೊತೆಗೆ ದ್ರಾವಣ ಸಿದ್ಧಪಡಿಸುವ ಕೋಣೆ ಮತ್ತು ಫ್ಯಾನಿಲ್ಲದ ತೂಕದ ಕೋಣೆ. ಬೆನ್ನಿಗೆ ಬೆನ್ನು ಕೊಟ್ಟು ಕೆಲಸ ಮಾಡುವವರ ನಡುವಿನ ಹಾದಿ 1.5 ಮೀಟರ್ ಇರಲಿ. ಹೊರಕ್ಕೆ ತೆರೆಯುವ ಎರಡು ಬಾಗಿಲುಗಳು ಬೇಕೇ ಬೇಕು, ಎರಡನೆಯದರ ಮುಂದೆ ಕಪಾಟು ಇಡಬಾರದು.

ಪ್ರಶ್ನೆ: ನಮ್ಮದು ಬೀದರ್. ಗವಾನ್ ಮದರಸಾದಂತೆ ನಡುವೆ ಅಂಗಳ ಬಿಟ್ಟು ಸುತ್ತಲೂ ಪ್ರಯೋಗಾಲಯಗಳನ್ನು ಕಟ್ಟಬಹುದೇ?

ಉತ್ತರ: ಕಟ್ಟಬಹುದು. ಬಹಮನಿ ರಾಜ್ಯದ ಪ್ರಧಾನಿ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಆ ಮೂರಂತಸ್ತಿನ ವಿದ್ಯಾಲಯದ ಅಂಗಳವು ಸುತ್ತಲಿನ ಕೋಣೆಗಳಿಗೆ ಬೆಳಕನ್ನೂ ಗಾಳಿಯನ್ನೂ ಒದಗಿಸುತ್ತದೆ. ಆದರೆ ಅಲ್ಲಿ ಬ್ರೋಮಿನ್ ಬಾಟಲಿಗಳಿರಲಿಲ್ಲ. ಬ್ರೋಮಿನ್, ನೈಟ್ರೋಜನ್ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಎಲ್ಲವೂ ಗಾಳಿಗಿಂತ ಭಾರವಾಗಿದ್ದು, ನಾಲ್ಕು ಕಡೆ ಗೋಡೆಯಿರುವ ಅಂಗಳದಲ್ಲಿ ಇಳಿದು ನಿಲ್ಲುತ್ತವೆ. ರಸಾಯನ ವಿಭಾಗದ ಕಿಟಕಿಗಳು ಅಂಗಳಕ್ಕಲ್ಲ, ಹೊರಗಿನ ಬಯಲಿಗೆ ತೆರೆಯಲಿ. ಸಾಧ್ಯವಾದರೆ ಅಂಗಳದ ಒಂದು ಬದಿಯನ್ನು ತೆರೆದೇ ಬಿಡಿರಿ. ಉಗ್ರಾಣದ ವಿಷಯದಲ್ಲಿಯೂ ಆ ಮದರಸಾವನ್ನೇ ನೆನೆಯಿರಿ: ಅದರ ಒಂದು ಭಾಗ ಹಾಳಾದದ್ದು 17ನೆಯ ಶತಮಾನದ ಕೊನೆಯಲ್ಲಿ, ಒಳಗೆ ಕೂಡಿಟ್ಟಿದ್ದ ಮದ್ದು ಸಿಡಿದು. ಇನ್ನೊಂದು ಮಾತು, ಬೀದರಿನ ಜಂಬಿಟ್ಟಿಗೆ ನೆಲ ನೀರನ್ನು ಹೀರಿಕೊಂಡು ಬಾವಿಗಳಿಗೆ ಒಯ್ಯುತ್ತದೆ. ಆಮ್ಲದ ಗುಂಡಿಗೆ ಒಳಗೋಡೆ ಕಟ್ಟಿಸದೆ ಬಿಡಬೇಡಿರಿ.

ಪ್ರಶ್ನೆ: ಯಾದಗಿರಿ ಸಮೀಪ ನಮ್ಮ ಕಾಲೇಜಿನ ಜಾಗ ಪೂರಾ ಎರೆ ಮಣ್ಣು. ಪ್ರಯೋಗಾಲಯಗಳ ಯೋಜನೆಗೂ ಮಣ್ಣಿಗೂ ಸಂಬಂಧವುಂಟೇ?

ಉತ್ತರ: ಉಂಟು. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ, ಈ ಏರಿಳಿತ ಹಲವು ಕಡೆ 3.5 ಮೀಟರ್ ಆಳದವರೆಗೂ ಇರುತ್ತದೆ. ಬುನಾದಿಗೆ ಬುಡದಲ್ಲಿ ಅಗಲವಾಗುವ ಅಂಡರ್‌ರೀಮ್ಡ್ ಪೈಲ್‌ಗಳು ಸೂಕ್ತವೇ ಎಂಬುದನ್ನು ಮಣ್ಣಿನ ಪರೀಕ್ಷೆ ಮಾಡಿಸಿ ಎಂಜಿನಿಯರರು ಹೇಳಲಿ. ನಿಮ್ಮ ಪಾಲಿನ ಎಚ್ಚರಿಕೆ ನೆಲದ ಕೆಳಗಿನ ಕೊಳವೆಗಳದು. ಕಂಬಗಳು ಕದಲದಿದ್ದರೂ ಕೋಣೆಯ ನೆಲ ಏಳುತ್ತದೆ, ಅದರೊಳಗೆ ಹೂತ ಕೊಳವೆ ಮುರಿಯುತ್ತದೆ, ಸೋರಿದ ನೀರು ಅದೇ ಜಾಗದ ಮಣ್ಣನ್ನು ಇನ್ನಷ್ಟು ಉಬ್ಬಿಸುತ್ತದೆ. ಆದ್ದರಿಂದ ಸಿಂಕುಗಳನ್ನು ಕೋಣೆಯ ನಡುವೆ ಇಡದೆ ಹೊರಗೋಡೆಯ ಉದ್ದಕ್ಕೆ ಜೋಡಿಸಿ, ಕೊಳವೆಗಳನ್ನು ಕಣ್ಣಿಗೆ ಕಾಣುವಂತೆ ಗೋಡೆಯಾಚೆಗೆ ಒಯ್ಯಿರಿ. ಅವು ಹಾಯುವ ಕಾಲುವೆಗೆ ಎತ್ತಬಹುದಾದ ಚಪ್ಪಡಿ ಮುಚ್ಚಿಸಿರಿ, ಅದಕ್ಕೆ ಶಹಾಬಾದ್ ಕಲ್ಲೇ ಆಗಬಹುದು.